ಎರಡು ಕುರ್ಚಿಯ ವಾದ

ಕೆನ್ನೆಗೆ ಹಚ್ಚಿದ ನೊರೆ ಇನ್ನೂ ಆರಿರಲಿಲ್ಲ, ಅಷ್ಟರಲ್ಲಿ ಕ್ಷೌರ ಮಾಡುತ್ತಿದ್ದ ತಮ್ಮ ಸೋಲೊಪ್ಪಿಕೊಂಡುಬಿಟ್ಟ.

"ನೀವು ಹೇಳಿದ್ದೇ ಸರಿ ಭಾವ," ಎಂದ, ಕತ್ತಿಯನ್ನು ಟವೆಲ್ಲಿಗೆ ಒರೆಸುತ್ತ. "ನಾನೂ ಯೋಚನೆ ಮಾಡಿ ನೋಡಿದೆ. ಸತ್ತ ಮೇಲೆ ಏನೂ ಇಲ್ಲ. ಎಲ್ಲ ಇಲ್ಲಿಗೇ ಮುಗೀತು."

ಅಕ್ಕ ಬಿಸಿನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಈ ಎರಡು ಮಾತು ಆಡಿಸಲು ಅವಳು ಮೂರು ದಿನ ತಮ್ಮನ ಬೆನ್ನು ಹತ್ತಿದ್ದಳು. ಮಂಚದ ಮೇಲೆ ಮೂರು ದಿಂಬಿಗೆ ಒರಗಿ ಕೂತಿದ್ದ ಅವಳ ಗಂಡ ಕಣ್ಣು ತೆರೆದರು. ಮೊದಲು ಭಾಮೈದನ ಮುಖ ನೋಡಿದರು, ಆಮೇಲೆ ಹೆಂಡತಿಯ ಮುಖ. ಗೆದ್ದವರ ಮುಖದಲ್ಲಿ ಇರಬೇಕಾದದ್ದು ಯಾವುದೂ ಅವರ ಮುಖದಲ್ಲಿ ಇರಲಿಲ್ಲ.

"ಬೇಗ ಮುಗಿಸಪ್ಪ," ಎಂದರು. "ನೊರೆ ತಣ್ಣಗಾಗ್ತಿದೆ."

ಭಾಮೈದ ಗಲ್ಲ, ಮೀಸೆಯ ಅಂಚು, ಕುತ್ತಿಗೆ ಎಲ್ಲ ಮುಗಿಸಿ, ಪಟಿಕ ಸವರಿ, ಚೀಲ ತೆಗೆದುಕೊಂಡು ಹೊರಟ. ಹೊಸಿಲು ದಾಟುವಾಗ ಅಕ್ಕನ ಕಡೆ ಒಂದು ನೋಟ ಬೀರಿದ. ನೀನು ಹೇಳಿದ್ದನ್ನು ಮಾಡಿದ್ದೇನೆ, ಇನ್ನು ನಿನ್ನ ಪಾಡು ಎನ್ನುವ ಹಾಗಿತ್ತು ಆ ನೋಟ.

ಆ ಬೀದಿಯಲ್ಲಿ ಅವಳ ಗಂಡನನ್ನು ಭಾವ ಎಂದು ಕರೆಯದವರೇ ಇರಲಿಲ್ಲ. ಕ್ಷೌರದಂಗಡಿಯಲ್ಲಿ ತಮ್ಮ ದಿನಕ್ಕೆ ನೂರು ಸಲ ಭಾವ, ಭಾವ ಅನ್ನುವುದನ್ನು ಕೇಳಿ ಕೇಳಿ ಗಿರಾಕಿಗಳ ಬಾಯಿಗೂ ಅದೇ ಹತ್ತಿತ್ತು. ಅವರಿಗಿಂತ ಹತ್ತು ವರ್ಷ ದೊಡ್ಡವರಾದ, ನಿವೃತ್ತರಾದ ಪೋಸ್ಟ್‌ಮಾಸ್ತರು ಕೂಡ ಭಾವ ಎನ್ನುತ್ತಿದ್ದರು, ಅವಳು ಎದುರು ಸಿಕ್ಕರೆ ಅಕ್ಕ ಎನ್ನುತ್ತಿದ್ದರು. ಒಂದು ಕ್ಷೌರದಂಗಡಿಯ ದೆಸೆಯಿಂದ ಇಡೀ ಬೀದಿಗೆ ನೆಂಟಸ್ತನ ಅಂಟಿಕೊಂಡಿತ್ತು.

ಅಂಗಡಿಯಲ್ಲಿ ಇದ್ದದ್ದು ಎರಡೇ ಕುರ್ಚಿ. ಬಾಗಿಲ ಪಕ್ಕದ್ದು ಭಾವನದು, ಒಳಗಿನದು ತಮ್ಮನದು. ಎರಡಕ್ಕೂ ಸೇರಿ ಎದುರಿಗೆ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೇ ಉದ್ದನೆಯ ಕನ್ನಡಿ. ಕೈಯಲ್ಲಿ ಕತ್ತಿ ಇರುವಾಗ ಪಕ್ಕದವನ ಕಡೆ ಕತ್ತು ತಿರುಗಿಸುವಂತಿಲ್ಲ. ಆದ್ದರಿಂದ ಮೂವತ್ತೊಂದು ವರ್ಷದಿಂದ ಅವರಿಬ್ಬರ ಮಾತೆಲ್ಲ ಕನ್ನಡಿಯಲ್ಲೇ ನಡೆದಿತ್ತು. ಹೇಳಬೇಕಾದದ್ದನ್ನು ಕನ್ನಡಿಯಲ್ಲಿದ್ದ ಮುಖಕ್ಕೆ ಹೇಳುವುದು, ಅಲ್ಲಿಂದಲೇ ಉತ್ತರ ಪಡೆಯುವುದು. ಮನೆಗೆ ಬಂದು ಊಟಕ್ಕೆ ಎದುರುಬದುರು ಕೂತರೆ ಇಬ್ಬರೂ ಮೂಗರು. ಮಧ್ಯಾಹ್ನ ಅಂಗಡಿಗೆ ಊಟದ ಡಬ್ಬಿ ಒಯ್ದು, ಖಾಲಿ ಡಬ್ಬಿಗಾಗಿ ಬೆಂಚಿನ ಮೇಲೆ ಕಾಯುತ್ತಿದ್ದ ಅಕ್ಕನಿಗೆ ಇದು ಹೇಗೆ ಸಾಧ್ಯ ಎಂದು ಸೋಜಿಗವಾಗುತ್ತಿತ್ತು.

ವಾದ ಒಂದೇ. ಸತ್ತ ಮೇಲೆ ಏನು?

"ಕೂದಲು ನಿಮ್ಮ ತಲೆ ಮೇಲಿರೋವರೆಗೆ ನಿಮ್ಮದು," ಎನ್ನುತ್ತಿದ್ದರು ಭಾವ, ಕೂತಿದ್ದ ಗಿರಾಕಿಯನ್ನೇ ಸಾಕ್ಷಿ ಮಾಡಿಕೊಂಡು. "ಕೆಳಗೆ ಬಿದ್ದು, ಗುಡಿಸಿ, ಬುಟ್ಟಿ ಸೇರಿದ ಮೇಲೆ ಯಾವುದು ಯಾರದು ಅಂತ ಹೇಳಿ ನೋಡೋಣ. ಮನುಷ್ಯಂದೂ ಅಷ್ಟೇ."

ತಮ್ಮ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. ಹೋದವರೆಲ್ಲ 'ಅಲ್ಲಿ' ಇದ್ದಾರೆ ಎನ್ನುತ್ತಿದ್ದ. ಅಲ್ಲಿ ಎಂದರೆ ಎಲ್ಲಿ ಎಂಬುದು ಅವನಿಗೂ ಗೊತ್ತಿರಲಿಲ್ಲ. ಆದರೆ ಭಾವ ಕೇಳಿದ ಒಂದೊಂದು ಪ್ರಶ್ನೆಗೂ ಉತ್ತರ ಹುಡುಕುತ್ತ ಹೋಗಿ, ಅಲ್ಲಿಯ ಸಮಾಚಾರವೆಲ್ಲ ಅವನಿಗೆ ಬೀದಿಯ ಸಮಾಚಾರದಷ್ಟೇ ಚೆನ್ನಾಗಿ ಗೊತ್ತಾಗಿಹೋಗಿತ್ತು. ಅಲ್ಲಿ ಬೇಸಿಗೆ ಉಂಟು, ಬೆವರಿಲ್ಲ. ನಾಯಿಗಳುಂಟು, ಕಚ್ಚುವುದಿಲ್ಲ. ಸಾಯುವಾಗ ಜಗಳವಾಡಿಕೊಂಡಿದ್ದವರು ಮೊದಲು ಕೆಲವು ದಿನ ಬೇರೆ ಬೇರೆ ಬೀದಿಯಲ್ಲಿರುತ್ತಾರೆ. ಬೋಳಾಗಿ ಸತ್ತವರಿಗೆ ಕೂದಲು ವಾಪಸು ಬರುತ್ತದೆ. ಇದನ್ನು ಹೇಳಿದ ದಿನ ಭಾವನ ಕುರ್ಚಿಯಲ್ಲಿ ಬೋಳುತಲೆಯ ಲಾಯರು ಕೂತಿದ್ದರು. ಮಾರನೆಯ ವಾರದಿಂದ ಅವರು ತಮ್ಮನ ಕುರ್ಚಿಗೆ ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಎರಡು ತಿಂಗಳ ಹಿಂದೆ ಭಾವ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕೂತರು. ಹೃದಯ ಊದಿಕೊಂಡಿದೆ ಎಂದರು ಡಾಕ್ಟರು. ಎಷ್ಟು ತಿಂಗಳು ಎಂದು ಹೇಳಲಾಗದು, ಮಾತು ಕಡಿಮೆ ಇರಲಿ, ಯಾವ ಉದ್ವೇಗವೂ ಬೇಡ ಎಂದರು. ಅಂದಿನಿಂದ ಎರಡು ದಿನಕ್ಕೊಮ್ಮೆ, ಅಂಗಡಿ ಬಾಗಿಲು ತೆಗೆಯುವ ಮುಂಚೆ, ಭಾಮೈದ ಮನೆಗೆ ಬಂದು ಅವರಿಗೆ ಕ್ಷೌರ ಮಾಡಿ ಹೋಗುತ್ತಿದ್ದ. ನೊರೆ ಹಚ್ಚುತ್ತಲೇ ಭಾವ ಕಣ್ಣು ಮುಚ್ಚಿಕೊಂಡು ಏನಾದರೊಂದು ಪ್ರಶ್ನೆ ಎಸೆಯುತ್ತಿದ್ದರು. ತಮ್ಮ ಸುಮ್ಮನಿರುವವನಲ್ಲ. ಎರಡು ಮಾತಿಗೆ ನಾಲ್ಕು ಮಾತಾಗಿ, ಭಾವನಿಗೆ ಕೆಮ್ಮು ಬಂದು, ತುಟಿ ನೀಲಿಯಾಗಿ, ಅಕ್ಕ ಓಡಿ ಬಂದು ಬೆನ್ನು ನೀವುವಲ್ಲಿಗೆ ಕ್ಷೌರ ಮುಗಿಯುತ್ತಿತ್ತು.

"ಒಂದು ಸಲ ಸೋತುಬಿಡೋ," ಎಂದು ಅವಳು ತಮ್ಮನನ್ನು ಅಂಗಲಾಚಿದ್ದಳು. "ನಿನ್ನ ಗಂಟೇನು ಹೋಗುತ್ತೆ? ಗೆದ್ದೆ ಅಂತ ನೆಮ್ಮದಿಯಾಗಿ ಇರ್ಲಿ. ಇರೋ ನಾಲ್ಕು ದಿನ."

"ನನ್ನ ಬಾಯಲ್ಲಿ ಅದು ಬರಲ್ಲ ಅಕ್ಕ."

"ಬರಿಸ್ಕೋ. ನನಗೋಸ್ಕರ."

ಬರಿಸಿಕೊಂಡಿದ್ದ.

ಮೊದಲ ಎರಡು ದಿನ ಅಕ್ಕನಿಗೆ ತಾನು ಮಾಡಿದ್ದು ಸರಿಯೆಂದೇ ಕಂಡಿತು. ಕೆಮ್ಮಿಲ್ಲ, ಏದುಸಿರಿಲ್ಲ. ಕೊಟ್ಟ ಹಾಲು ಕುಡಿದರು, ಕೊಟ್ಟ ಮಾತ್ರೆ ನುಂಗಿದರು. ಮೂರನೆಯ ದಿನದ ಹೊತ್ತಿಗೆ ಅವಳಿಗೆ ಅನುಮಾನ ಶುರುವಾಯಿತು. ಬೆಳಿಗ್ಗೆ ಪೇಪರು ಎಲ್ಲಿ ಎಂದು ಕೇಳಲಿಲ್ಲ. ಬಾಗಿಲಲ್ಲಿ ಭಾಮೈದನ ಚಪ್ಪಲಿ ಸದ್ದಾದರೆ ಮೊದಲು ನೆಟ್ಟಗಾಗುತ್ತಿದ್ದ ಕಿವಿ ಈಗ ಆಗುತ್ತಿರಲಿಲ್ಲ. ಕ್ಷೌರಕ್ಕೆ ಮುಖ ಕೊಡುತ್ತಿದ್ದರು, ಕಣ್ಣು ಮಾತ್ರ ಸೂರಿನ ಕಡೆ. ತಮ್ಮನೂ ಕಳ್ಳನ ಹಾಗೆ ಬಂದು ಕಳ್ಳನ ಹಾಗೆ ಹೋಗುತ್ತಿದ್ದ. ಮನೆಯಲ್ಲಿ ಡಾಕ್ಟರು ಹೇಳಿದಂಥದ್ದೇ ಶಾಂತಿ ನೆಲೆಸಿತ್ತು. ಆ ಶಾಂತಿಯಲ್ಲಿ ತನ್ನ ಗಂಡ ದಿನದಿಂದ ದಿನಕ್ಕೆ ಇಳಿದುಹೋಗುತ್ತಿರುವುದು ಅವಳ ಕಣ್ಣಿಗೆ ಕಾಣುತ್ತಿತ್ತು.

ಐದನೆಯ ದಿನ ಮಧ್ಯಾಹ್ನ ಅವಳು ಮಂಚದ ತುದಿಯಲ್ಲಿ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು.

"ಡಾಕ್ಟರು ನಿನ್ನೊಬ್ಬಳ ಹತ್ತಿರ ಏನೋ ಹೇಳಿದ್ದಾರೆ," ಎಂದರು ಭಾವ.

"ಏನೂ ಇಲ್ಲಪ್ಪ. ಹೇಳಿದ್ದೆಲ್ಲ ನಿಮ್ಮೆದುರಿಗೇ ಹೇಳಿದ್ದು."

"ಮತ್ತೆ ಅವನ್ಯಾಕೆ ಸೋತ?"

ಅಕ್ಕ ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಇನ್ನೊಮ್ಮೆ ಮಡಿಸಿದಳು. "ಸೋತರೆ ಒಳ್ಳೇದೇ ಆಯ್ತಲ್ಲ. ಇಷ್ಟು ವರ್ಷದಿಂದ ನೀವು ಬಡ್ಕೊಳ್ತಿದ್ದದ್ದೂ ಅದಕ್ಕೇ ತಾನೆ."

ಭಾವ ಮಾತಿಗೆ ಬೇಕಾದಷ್ಟು ಉಸಿರು ಕೂಡಿಸಿಕೊಳ್ಳುತ್ತಿದ್ದರು.

"ಅವನ ಹತ್ತಿರ ಇದ್ದದ್ದು ಅದೊಂದೇ ಕಣೇ," ಎಂದರು. "ಬೇರೆ ಏನಿತ್ತು ಹೇಳು. ನಾನು ಅದನ್ನೂ ಕಿತ್ಕೊಂಡುಬಿಟ್ಟೆನಾ ಅಂತ ಯೋಚಿಸ್ತಾ ಬಿದ್ದಿದೀನಿ. ಈಗ ಅವನು ಬೆಳಿಗ್ಗೆ ಎದ್ದು ಏನಂದ್ಕೊಂಡು ಅಂಗಡಿ ಬಾಗಿಲು ತೆಗೀತಾನೋ."

ಇಪ್ಪತ್ತೆಂಟು ವರ್ಷದ ಹಿಂದಿನ ಒಂದು ಮಧ್ಯಾಹ್ನ ಅಕ್ಕನಿಗೆ ನಿನ್ನೆಯದೆಂಬಂತೆ ನೆನಪಾಯಿತು. ಮದುವೆಯಾಗಿ ಎರಡನೆಯ ವರ್ಷಕ್ಕೆ ತಮ್ಮನ ಹೆಂಡತಿ ಒಂದು ವಾರದ ಜ್ವರದಲ್ಲಿ ತೀರಿಕೊಂಡಿದ್ದಳು. ಆಮೇಲೆ ಒಂದೂವರೆ ತಿಂಗಳು ಅವನು ಬಾಯಿ ಬಿಡಲಿಲ್ಲ. ಅಂಗಡಿಗೆ ಬರುತ್ತಿದ್ದ, ಕತ್ತರಿ ಹಿಡಿಯುತ್ತಿದ್ದ, ಗಿರಾಕಿ ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದ, ಅಷ್ಟೇ. ಅವನ ಮುಖ ನೋಡಲಾರದೆ ಜನ ಭಾವನ ಕುರ್ಚಿಗೇ ಸಾಲು ನಿಲ್ಲತೊಡಗಿದ್ದರು. ಆ ಮಧ್ಯಾಹ್ನ ಅವಳು ಡಬ್ಬಿ ಹಿಡಿದು ಬೆಂಚಿನ ಮೇಲೆ ಕೂತಿದ್ದಾಗ ಭಾವ ಕನ್ನಡಿಯ ಕಡೆ ನೋಡಿ, ಯಾವ ಪೀಠಿಕೆಯೂ ಇಲ್ಲದೆ, "ಅಲ್ಲೋ, ಸತ್ತವರು ಇರ್ತಾರೆ ಇರ್ತಾರೆ ಅಂತಾರಲ್ಲ, ಅವರಿಗೆ ಕೂದಲು ಬೆಳೆಯುತ್ತಾ?" ಎಂದು ಕೇಳಿದ್ದರು. ಇದೆಂಥ ಮನುಷ್ಯ ಎಂದು ಅವಳಿಗೆ ಮೈಯೆಲ್ಲ ಉರಿದಿತ್ತು. ತಮ್ಮನ ದವಡೆ ಅಲುಗಾಡಿತು. ಬಹಳ ಹೊತ್ತಿನ ಮೇಲೆ, "ಬೆಳೆಯುತ್ತೆ," ಎಂದ. ಒಂದೂವರೆ ತಿಂಗಳಲ್ಲಿ ಅವನ ಬಾಯಿಂದ ಬಂದ ಮೊದಲ ಮಾತು ಅದು. ಮಾರನೆಯ ದಿನ ಭಾವ ಇನ್ನೊಂದು ಕೇಳಿದರು. ಅದರ ಮಾರನೆಯ ದಿನ ಮತ್ತೊಂದು.

ಗಂಡಸರು ಹೊತ್ತು ಕಳೆಯಲು ಒಂದು ದಾರಿ ಹುಡುಕಿಕೊಂಡರು ಎಂದು ಅವಳು ಅಂದುಕೊಂಡಿದ್ದಳು. ಈಗ, ಮಡಿಸಿದ ಬಟ್ಟೆಯ ಮೇಲೆ ಕೈಯಿಟ್ಟುಕೊಂಡು, ಅವಳಿಗೆ ಇನ್ನೊಂದು ವಿಷಯ ಹೊಳೆಯಿತು. ಇಪ್ಪತ್ತೆಂಟು ವರ್ಷದಲ್ಲಿ ಈ ಮನುಷ್ಯ ನಾಯಿಯ ಸುದ್ದಿ ಕೇಳಿದ್ದರು, ಬೇಸಿಗೆಯ ಸುದ್ದಿ ಕೇಳಿದ್ದರು, ಬೋಳುತಲೆಯ ಸುದ್ದಿ ಕೇಳಿದ್ದರು, ತಮ್ಮನ ಹೆಂಡತಿಯ ಸುದ್ದಿ ಮಾತ್ರ ಎತ್ತಿರಲಿಲ್ಲ. ಒಮ್ಮೆ ಪೋಸ್ಟ್‌ಮಾಸ್ತರು ತಮಾಷೆಗೆ, ಹೆಂಡತಿ ಚಿಕ್ಕ ವಯಸ್ಸಿಗೆ ಹೋಗಿ ಗಂಡ ಮುದುಕನಾಗಿ ಹೋದರೆ ಅಲ್ಲಿ ಜೋಡಿ ಹೇಗೆ ಎಂದು ಶುರುಮಾಡಿದ್ದರಂತೆ. ಭಾವ ಅವರ ತಲೆಯನ್ನು ಗಟ್ಟಿಯಾಗಿ ಹಿಡಿದು, "ಅಲ್ಲಾಡಬೇಡಿ, ಕಿವಿ ಹೋಗುತ್ತೆ," ಎಂದಿದ್ದರಂತೆ. ತಾನು ಒಂದಿಷ್ಟೂ ನಂಬದ ಊರನ್ನು, ಇನ್ನೊಬ್ಬನಿಗೆ ಬೇಕಲ್ಲ ಎಂದು ಇಷ್ಟು ಜೋಪಾನ ಮಾಡಿದ ಮನುಷ್ಯನನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ. ಅಂಥವನ ಜೊತೆ ಸಂಸಾರ ಮಾಡಿಯೂ ಇಷ್ಟು ದಿನ ಕಾಣಲಿಲ್ಲವಲ್ಲ ಎಂದು ನಾಚಿಕೆಯಾಯಿತು.

"ರೀ, ಅವನು ಸೋತಿಲ್ಲ," ಎಂದಳು. "ನಾನೇ ಹೇಳ್ಸಿದ್ದು. ಬೇಕಾದ್ರೆ ಬೈಯಿರಿ."

ಭಾವ ಅವಳನ್ನು ದಿಟ್ಟಿಸಿ ನೋಡಿದರು. "ನೀನಾ?"

"ಡಾಕ್ಟರು ಮಾತು ಬೇಡ ಅಂದ್ರಲ್ಲ."

"ಹಾಗಾದ್ರೆ ಅವನ 'ಅಲ್ಲಿ' ಎಲ್ಲ ಇದ್ದ ಹಾಗೇ ಇದೆಯಾ?"

"ಒಂದು ಕೂದಲೂ ಕೊಂಕಿಲ್ಲ."

ಭಾವ ನಕ್ಕರು. ನಗು ಕೆಮ್ಮಿಗೆ ತಿರುಗಿ, ಕಣ್ಣಲ್ಲಿ ನೀರು ಬಂದು, ಅವಳು ಬೆನ್ನು ನೀವಬೇಕಾಯಿತು. "ಕಳ್ಳರು," ಎಂದರು ಉಸಿರು ಹಿಂತಿರುಗಿದ ಮೇಲೆ. "ಅಕ್ಕ ತಮ್ಮ ಇಬ್ಬರೂ ಕಳ್ಳರು." ಅವತ್ತು ಸಂಜೆ ಪೇಪರು ಕೇಳಿದರು.

ಇನ್ನು ಎಲ್ಲ ಸರಿಹೋಗುತ್ತದೆ ಎಂದು ಅಕ್ಕ ನಂಬಿದ್ದಳು. ಹೋಗಲಿಲ್ಲ. ಸುಳ್ಳು ಸೋಲು ಭಾವನಿಗೆ ಗೊತ್ತಾಯಿತೆಂದು ತಿಳಿದು ತಮ್ಮನಿಗೆ ಮುಖವೆತ್ತಲಾಗದಷ್ಟು ನಾಚಿಕೆ. ಭಾವನಿಗೆ ತನ್ನ ಒಳಗನ್ನು ಹೆಂಡತಿ ಕಂಡುಬಿಟ್ಟಳಲ್ಲ ಎಂಬ ಸಂಕೋಚ. ಮುಖಕ್ಕೆ ಮುಖ ಕೊಟ್ಟು ಕೂತರೆ ಇಬ್ಬರ ಬಾಯಿಗೂ ಬೀಗ.

"ಸೆಕೆ ಜಾಸ್ತಿ," ಎಂದ ತಮ್ಮ.

"ಹೌದು," ಎಂದರು ಭಾವ.

ಎರಡು ದಿನ ಬಿಟ್ಟು ಬಂದಾಗ ಸೆಕೆ ಕಡಿಮೆ ಎಂದ, ಅದಕ್ಕೂ ಹೌದು ಎಂದರು. ಇಪ್ಪತ್ತೆಂಟು ವರ್ಷ ಒಬ್ಬರ ಮಾತಿಗೆ ಒಬ್ಬರು ಹೌದು ಅನ್ನದವರು ಈಗ ಅದನ್ನು ಬಿಟ್ಟು ಬೇರೆ ಅನ್ನುತ್ತಿರಲಿಲ್ಲ. ಕೆಡಿಸಿದ್ದು ತಾನು, ಸರಿ ಮಾಡಬೇಕಾದ್ದೂ ತಾನೇ ಎಂದು ಅಕ್ಕನಿಗೆ ಗೊತ್ತಿತ್ತು. ಹೇಗೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಗೊತ್ತಾದದ್ದು ಅಂಗಡಿಯಲ್ಲಿ. ಮಾರನೆಯ ಮಧ್ಯಾಹ್ನ ಡಬ್ಬಿ ಒಯ್ದು ಬೆಂಚಿನ ಮೇಲೆ ಕೂತಳು. ತಮ್ಮನ ಕುರ್ಚಿಯಲ್ಲಿ ಲಾಯರು, ಬಾಗಿಲ ಪಕ್ಕದ ಕುರ್ಚಿ ಖಾಲಿ. ಲಾಯರ ಕಿವಿಯ ಮೇಲಿನ ನಾಲ್ಕು ಕೂದಲನ್ನು ಶ್ರದ್ಧೆಯಿಂದ ಕತ್ತರಿಸುತ್ತಿದ್ದ ತಮ್ಮ ನಡುನಡುವೆ ತಲೆಯೆತ್ತಿ ಕನ್ನಡಿಯಲ್ಲಿ ಭಾವ ಕಾಣುತ್ತಿದ್ದ ಎಡಮೂಲೆಯನ್ನು ನೋಡುತ್ತಿದ್ದ. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಕತ್ತರಿಯ ಕಡೆ ತಿರುಗುತ್ತಿದ್ದ. ಎರಡು ನಿಮಿಷಕ್ಕೆ ಮತ್ತೆ ಅದೇ ಮೂಲೆ. ಅಕ್ಕ ಖಾಲಿ ಡಬ್ಬಿಗೂ ಕಾಯದೆ ಎದ್ದು ಮನೆಗೆ ನಡೆದಳು.

ಪಕ್ಕದ ಮನೆಯ ಟೈಲರನ ಹೆಂಡತಿಯನ್ನು ಕರೆದಳು. ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ಇಬ್ಬರೂ ಸೇರಿ ಮಂಚ ತಿರುಗಿಸಿದರು. ಕಿಟಕಿಯ ಕಡೆಗಿದ್ದ ಮಂಚದ ಕಾಲುದೆಸೆ ಈಗ ಬೀರುವಿನ ಎದುರಿಗೆ ಬಂತು. ಬೀರುವಿನ ಬಾಗಿಲಿಗೆ ಆಳೆತ್ತರದ ಕನ್ನಡಿಯಿತ್ತು. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಬೀರುವಿನತ್ತ ಹೋಗುವ ಇಕ್ಕಟ್ಟು ದಾರಿ, ತಲೆದೆಸೆಯಲ್ಲಿ ಒಬ್ಬ ನಿಲ್ಲುವಷ್ಟು ಜಾಗ. "ಏನಕ್ಕ ಇದು, ಗಾಳಿಗೆ ಬೆನ್ನು ಹಾಕಿ ಮಲಗಿಸ್ತೀರಾ?" ಎಂದಳು ಟೈಲರನ ಹೆಂಡತಿ. "ನಿನಗೆ ಗೊತ್ತಾಗಲ್ಲ, ಹಿಡಿ," ಎಂದಳು ಅಕ್ಕ.

ಮರುದಿನ ಬೆಳಿಗ್ಗೆ ತಮ್ಮ ಬಂದು ಬಾಗಿಲಲ್ಲೇ ನಿಂತ.

"ಇದೇನಕ್ಕ, ಮಂಚ ಹೀಗೆ?"

"ಬೆಳಕು ಚೆನ್ನಾಗಿ ಬೀಳ್ಲಿ ಅಂತ."

ಬೆಳಕು ಮೊದಲಿಗಿಂತ ಕಡಿಮೆಯೇ ಇತ್ತು. ಯಾರೂ ಅದನ್ನು ಆಡಲಿಲ್ಲ. ಬೇರೆ ಕಡೆ ನಿಂತರೆ ಕೈ ಆಡುವಂತಿರಲಿಲ್ಲವಾದ್ದರಿಂದ ತಮ್ಮ ಹೋಗಿ ತಲೆದೆಸೆಯಲ್ಲಿ ನಿಂತ. ಬ್ರಷ್ಷು ತಿರುಗಿಸಿ ನೊರೆ ಎಬ್ಬಿಸಿ, ಭಾವನ ಕೆನ್ನೆಗೆ ಹಚ್ಚಿ, ಕತ್ತಿ ತೆಗೆದು, ಅಭ್ಯಾಸಬಲದಿಂದ ತಲೆಯೆತ್ತಿದ. ಕನ್ನಡಿಯಲ್ಲಿ ಭಾವ ಅವನನ್ನೇ ನೋಡುತ್ತಿದ್ದರು.

ಅಕ್ಕ ಟವೆಲು ಹಿಡಿದು ಬಾಗಿಲ ಬಳಿ ನಿಂತಳು. ಕತ್ತಿ ಬಲಗೆನ್ನೆಯ ಮೇಲಿಂದ ಒಂದು ಸಲ ಇಳಿಯಿತು, ಎರಡು ಸಲ ಇಳಿಯಿತು.

"ನಂಬದೆ ಇರೋರನ್ನ ಅಲ್ಲಿ ಒಳಗೆ ಬಿಡ್ತಾರೇನೋ?" ಎಂದರು ಭಾವ.

ತಮ್ಮನ ಕೈ ನಿಂತಿತು. "ಬಿಡದೆ ಏನು?"

"ಬಾಗಿಲಲ್ಲಿ ತಡೆದರೆ?"

"ನನ್ನ ಹೆಸರು ಹೇಳಿ."

"ನಿನ್ನ ಹೆಸರಿಗೆ ಇಲ್ಲಿ ಹಾಲಿನವನೂ ಸೊಪ್ಪು ಹಾಕಲ್ಲ. ಅಲ್ಲಿ ಹಾಕ್ತಾರಾ?"

"ಅಲ್ಲಿಗೆ ಎಷ್ಟು ಜನರನ್ನ ನಾನು ಚೊಕ್ಕವಾಗಿ ಕ್ಷೌರ ಮಾಡಿ ಕಳಿಸಿಲ್ಲ ಭಾವ. ಒಬ್ಬರಾದ್ರೂ ಗುರುತು ಹಿಡೀದೆ ಇರ್ತಾರಾ?"

"ಕಿವಿ ಹತ್ತಿರ ಕೂದಲು ಉಳಿಸಿ ಕಳಿಸಿರ್ತೀಯ. ಅದಕ್ಕೇ ತಡೀತಾರೆ."

"ಅದು ನಿಮ್ಮ ಕುರ್ಚಿಯವರು."

ಭಾವ ನಕ್ಕರು, ಕೆಮ್ಮಿದರು. ತುಟಿ ನೀಲಿಗೆ ತಿರುಗಿತು. ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು. ಭಾವ ಕನ್ನಡಿಯಲ್ಲೇ ಕೈಯೆತ್ತಿ ಬೇಡ ಎಂದರು. ಡಾಕ್ಟರ ಮಾತು ಅವಳಿಗೆ ನೆನಪಿತ್ತು. ಹಾಗಿದ್ದೂ ಅವಳು ಬಾಗಿಲಿಗೆ ಒರಗಿ ನಿಂತಳು, ಬಾಯಿ ಹಾಕಲಿಲ್ಲ. ಐದು ದಿನದ ಶಾಂತಿಯನ್ನು ಅವಳು ನೋಡಿಯಾಗಿತ್ತು.

ಕತ್ತಿ ಗಂಟಲ ಕೆಳಗಿನ ನೊರೆ ತೆಗೆದು ಮೇಲೆದ್ದಿತು. ಆಮೇಲೆ ಭಾವ ನಿಧಾನವಾಗಿ ಹೇಳಿದರು. "ನೋಡು, ನಾನು ಹೇಳೋದು ಬದಲಾಗಿಲ್ಲ. ಇಲ್ಲ ಅಂದ್ರೆ ಇಲ್ಲ. ಆದ್ರೆ ನಿನ್ನ ಮಾತೇ ನಿಜವಾಗಿ, ನಾನು ಪೆಚ್ಚಾಗಿ ಅಲ್ಲಿ ಹೋಗಿ ನಿಂತೆ ಅಂತಿಟ್ಕೋ. ಅವಳು ಸಿಕ್ಕಿದ್ರೆ ಏನಾದ್ರೂ ಹೇಳ್ಬೇಕಾ?"

ತಮ್ಮ ಒರೆಸಿದ್ದ ಕತ್ತಿಯನ್ನೇ ಇನ್ನೊಮ್ಮೆ ಒರೆಸಿದ. ಮೊದಲು ಒಂದು ಬದಿ, ಆಮೇಲೆ ಇನ್ನೊಂದು.

"ನನ್ನ ತಲೆ ಪೂರ್ತಿ ಬೆಳ್ಳಗಾಗಿದೆ ಅಂತ ಹೇಳಿ," ಎಂದ. "ಬಂದಾಗ ಗುರುತು ಸಿಗಬೇಕಲ್ಲ."

"ಹೇಳ್ತೀನಿ. ಇದ್ದರೆ."

"ಇದ್ದಾಳೆ."

"ಇಲ್ಲ ಕಣೋ."

"ಇದ್ದಾಳೆ ಭಾವ."

"ಸರಿ, ಈ ಕೆನ್ನೆ ಮುಗಿಸು."

ಎಡಗೆನ್ನೆ ಮುಗಿಯುತ್ತಿದ್ದಾಗ ಭಾವನ ಕಣ್ಣು ಕನ್ನಡಿಯ ಅಂಚಿಗೆ ಹೋಯಿತು. ಅಲ್ಲಿ ಟವೆಲು ಹಿಡಿದ ಅಕ್ಕ ಅರ್ಧ ಕಾಣುತ್ತಿದ್ದಳು.

"ನೀನೇನಂತೀಯೇ?" ಎಂದರು.

ಅವಳು ಹಿಂದಕ್ಕೆ ತಿರುಗಿ ನೋಡಿದಳು, ಬಾಗಿಲಲ್ಲಿ ಬೇರೆ ಯಾರಾದರೂ ಬಂದಿದ್ದಾರೋ ಎಂದು. "ಯಾರು, ನಾನಾ?"

ಈ ವಾದದಲ್ಲಿ ಲಾಯರನ್ನು ಕೇಳಿದ್ದರು, ಪೋಸ್ಟ್‌ಮಾಸ್ತರನ್ನು ಕೇಳಿದ್ದರು, ಬಸ್ಸು ತಪ್ಪಿ ಹೊತ್ತು ಕಳೆಯಲು ಒಳಗೆ ಬಂದ ಅಪರಿಚಿತನನ್ನೂ ಒಮ್ಮೆ ಬಿಡದೆ ಕೇಳಿದ್ದರು. ದಿನಾ ಬೆಂಚಿನ ಮೇಲೆ ಕೂತಿದ್ದ ಅವಳನ್ನು ಯಾರೂ ಕೇಳಿರಲಿಲ್ಲ.

"ನನಗೇನು ಗೊತ್ತು," ಎಂದು ಅಕ್ಕ ಟವೆಲು ಮಡಿಸಿದಳು. ಇಬ್ಬರೂ ಕನ್ನಡಿಯಲ್ಲಿ ಕಾಯುತ್ತಿದ್ದರು. "ನಿದ್ದೆ ಅಂತ ಅನ್ಸುತ್ತಪ್ಪ ನನಗೆ. ಚೆನ್ನಾಗಿ ದಣಿದ ಮೇಲೆ ಬರೋ ಅಂಥ ನಿದ್ದೆ. ಇವನು ಹೇಳೋ ಹಾಗೆ ಓಡಾಡೋದು, ಕಾಡು ಹರಟೆ ಹೊಡಿಯೋದು ಏನಿಲ್ಲ. ಕೂಗಿ ಎಬ್ಬಿಸಿದ್ರೂ ಏಳಲ್ಲ."

"ಹಾಗಾದ್ರೆ ನನ್ನ ಕಡೆ," ಎಂದರು ಭಾವ.

"ನಿಮ್ಮ ಕಡೇನೂ ಅಲ್ಲ. ಪಕ್ಕದಲ್ಲಿ ಯಾರಾದ್ರೂ ಬಂದು ಮಲಗಿದ್ರೆ ಗೊತ್ತಾಗುತ್ತೆ. ಕಣ್ಣು ಬಿಡಲ್ಲ, ಮಾತಾಡಲ್ಲ. ನಿದ್ದೇಲೇ ಒಂಚೂರು ಸರಿದು ಜಾಗ ಕೊಡ್ತಾರೆ. ಅಷ್ಟೇ."

ತಮ್ಮ ಏನೋ ಹೇಳಲು ಬಾಯಿ ತೆರೆದವನು, ಭಾವ ಏನು ಕೇಳುತ್ತಾರೋ ಎಂದು ಕನ್ನಡಿ ನೋಡಿದ. ಭಾವ ಆಗಲೇ ಕಣ್ಣು ಮುಚ್ಚಿಕೊಂಡಿದ್ದರು. ಅವನು ಪಟಿಕದ ತುಂಡನ್ನು ಒದ್ದೆ ಮಾಡಿ ಕೆನ್ನೆಗೆ, ಗಲ್ಲಕ್ಕೆ ಮೆಲ್ಲಗೆ ಸವರಿದ. ಬಟ್ಟಲು, ಬ್ರಷ್ಷು ಎತ್ತಿಕೊಂಡು ತೊಳೆಯಲು ಹಿತ್ತಿಲ ಕಡೆ ಹೋದ.

ಅಕ್ಕ ಮಂಚದ ಬಳಿ ಬಂದು, ಗಂಡನ ಕಿವಿಯ ಹಿಂದೆ ಉಳಿದಿದ್ದ ನೊರೆಯನ್ನು ಟವೆಲಿನ ತುದಿಯಿಂದ ಒರೆಸಿದಳು. ಭಾವ ಇನ್ನೂ ಕಣ್ಣು ಮುಚ್ಚಿಯೇ ಇದ್ದರು. ಮೊಣಕೈಯನ್ನು ಹಾಸಿಗೆಗೆ ಊರಿದರು, ಒಮ್ಮೆ ನಿಂತು ಉಸಿರು ತೆಗೆದುಕೊಂಡರು, ಮತ್ತೆ ಊರಿದರು. ಹಾಗೆ ಸ್ವಲ್ಪಸ್ವಲ್ಪವಾಗಿ, ಕಣ್ಣು ಬಿಡದೆ, ಗೋಡೆಯ ಕಡೆಗೆ ಒಂದು ಗೇಣು ಸರಿದುಕೊಂಡರು.